ಸ್ಕಾಟ್ಲೆಂಡ್ ನಾಳೆ ಸ್ವತಂತ್ರವಾದರೆ: ಪಾಸ್‌ಪೋರ್ಟ್ ಯಾರಿಗೆ, ಗಡಿ ಹೇಗೆ, ವಿಶ್ವಸಂಸ್ಥೆಯ ಕುರ್ಚಿ ಯಾವಾಗ?

2014ರ ಸೆಪ್ಟೆಂಬರ್ 18ರಂದು ಸ್ಕಾಟ್ಲೆಂಡಿನ ಮತದಾರರ ಮುಂದೆ ಇದ್ದದ್ದು ಒಂದೇ ಪ್ರಶ್ನೆ. ಸ್ಕಾಟ್ಲೆಂಡ್ ಸ್ವತಂತ್ರ ದೇಶ ಆಗಬೇಕಾ? ಹೌದು ಅಥವಾ ಇಲ್ಲ, ಅಷ್ಟೇ. ಶೇ. 84.6ರಷ್ಟು ಮಂದಿ ಬಂದು ಮತ ಹಾಕಿದರು. ಶೇ. 55.3 ಜನ ಬೇಡ ಅಂದರು, ಶೇ. 44.7 ಜನ ಬೇಕು ಅಂದರು. 16 ತುಂಬಿದ ಹುಡುಗ ಹುಡುಗಿಯರಿಗೂ ಆವತ್ತು ಮತ ಇತ್ತು.

ಆ ಮತದಾರರ ಪಟ್ಟಿಯಲ್ಲಿ ನನ್ನ ಇಂಜಿನಿಯರಿಂಗ್ ಕ್ಲಾಸ್‌ಮೇಟ್ ಒಬ್ಬನ ಹೆಸರೂ ಇತ್ತು. ಊರು ದಾವಣಗೆರೆ, ಜೇಬಲ್ಲಿ ಭಾರತದ ಪಾಸ್‌ಪೋರ್ಟ್, ಎಡಿನ್‌ಬರೋದಲ್ಲಿ ಎಂ.ಎಸ್ಸಿ. ಕಾಮನ್‌ವೆಲ್ತ್ ದೇಶದ ಪ್ರಜೆ, ವೀಸಾ ಸರಿಯಾಗಿದೆ, ಅಲ್ಲೇ ವಾಸ ಇದ್ದಾನೆ, ಹಾಗಾಗಿ ವೋಟಿದೆ. ಅದೇ ಹೊತ್ತಲ್ಲಿ ಎಡಿನ್‌ಬರೋದಲ್ಲೇ ಹುಟ್ಟಿ ಬೆಳೆದ, ಸ್ವಾತಂತ್ರ್ಯದ ಪರವಾಗಿ ದಶಕಗಳಿಂದ ಮಾತಾಡುತ್ತಿದ್ದ ಜೇಮ್ಸ್ ಬಾಂಡ್ ಖ್ಯಾತಿಯ ಶಾನ್ ಕಾನರಿಗೆ ವೋಟಿರಲಿಲ್ಲ. ಅವರು ಬಹಾಮಾಸ್‌ನಲ್ಲಿ ನೆಲೆಸಿದ್ದರು.

ಇನ್ನೂ ತಮಾಷೆ ಅಂದರೆ, 'ಬೇಕು' ಪಕ್ಷ ಗೆದ್ದಿದ್ದರೂ ನನ್ನ ಗೆಳೆಯನಿಗೆ ಸ್ಕಾಟಿಷ್ ಪೌರತ್ವ ಸಿಗುತ್ತಿರಲಿಲ್ಲ. ವೋಟೇ ಹಾಕದ ಕಾನರಿಗೆ ತಾನಾಗಿಯೇ ಸಿಗುತ್ತಿತ್ತು. ದೇಶ ಹುಟ್ಟಬೇಕೋ ಬೇಡವೋ ಅಂತ ತೀರ್ಮಾನಿಸುವವರ ಪಟ್ಟಿ ಒಂದು, ಹುಟ್ಟಿದ ದೇಶದ ಪ್ರಜೆಗಳಾಗುವವರ ಪಟ್ಟಿ ಇನ್ನೊಂದು. ಸ್ವಾತಂತ್ರ್ಯದ ಚರ್ಚೆ ನಡೆದಾಗಲೆಲ್ಲ ನಾವು ಬಾವುಟ, ಭಾಷೆ, ಇತಿಹಾಸ ಅಂತ ಮಾತಾಡುತ್ತೇವೆ. ಮರುದಿನ ಬೆಳಿಗ್ಗೆ ಕೌಂಟರ್ ಮುಂದೆ ನಿಲ್ಲುವ ಮನುಷ್ಯನ ಪ್ರಶ್ನೆಗಳು ಬೇರೆ. ನಾನು ಯಾವ ದೇಶದವನು? ಗಡಿ ದಾಟಿ ಕೆಲಸಕ್ಕೆ ಹೋಗೋಕೆ ಏನು ಕಾಗದ ಬೇಕು? ನನ್ನ ದೇಶವನ್ನು ಉಳಿದವರು ದೇಶ ಅಂತ ಒಪ್ಪಿದ್ದಾರಾ?

ಈ ಮೂರನ್ನೂ ಒಂದೇ ಗಂಟು ಅಂತ ನೋಡಬಾರದು. ಪೌರತ್ವದ ಕಾನೂನನ್ನು ಹೊಸ ದೇಶ ತಾನೇ ಬರೆದುಕೊಳ್ಳಬಹುದು. ಗಡಿ ಹೇಗಿರಬೇಕು ಅನ್ನೋದಕ್ಕೆ ಪಕ್ಕದ ಮನೆಯವರ ಒಪ್ಪಿಗೆಯೂ ಬೇಕು. ಅಂತಾರಾಷ್ಟ್ರೀಯ ಸದಸ್ಯತ್ವಕ್ಕೆ ಇಡೀ ಓಣಿಯೇ ಒಪ್ಪಬೇಕು.

ಮೊದಲ ದಿನದ ಪಟ್ಟಿ

2013ರ ನವೆಂಬರ್‌ನಲ್ಲಿ ಸ್ಕಾಟಿಷ್ ಸರ್ಕಾರ 670 ಪುಟಗಳ ಶ್ವೇತಪತ್ರ ಹೊರಡಿಸಿತು. ಗೆದ್ದರೆ 2016ರ ಮಾರ್ಚ್ 24 ಸ್ವಾತಂತ್ರ್ಯ ದಿನ ಅಂತ ದಿನಾಂಕವನ್ನೂ ಅದರಲ್ಲಿ ಬರೆದಿದ್ದರು. ಪೌರತ್ವದ ಭಾಗ ನೇರವಾಗಿತ್ತು. ಆ ದಿನ ಸ್ಕಾಟ್ಲೆಂಡಿನಲ್ಲಿ ಕಾಯಂ ನೆಲೆಸಿರುವ ಎಲ್ಲ ಬ್ರಿಟಿಷ್ ಪ್ರಜೆಗಳು ತಾನಾಗಿಯೇ ಸ್ಕಾಟಿಷ್ ಪ್ರಜೆಗಳು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಬೇರೆ ಕಡೆ ಇರುವ ಬ್ರಿಟಿಷ್ ಪ್ರಜೆಗಳೂ ಅಷ್ಟೇ. ಅಪ್ಪ ಅಮ್ಮ ಅಥವಾ ಅಜ್ಜ ಅಜ್ಜಿ ಸ್ಕಾಟಿಷ್ ಆಗಿದ್ದರೆ ಅರ್ಜಿ ಹಾಕಬಹುದು. ಹಿಂದೆ ಯಾವಾಗಲಾದರೂ 10 ವರ್ಷ ಅಲ್ಲಿ ಬದುಕಿ ಈಗಲೂ ನಂಟು ಉಳಿಸಿಕೊಂಡವರೂ ಅರ್ಜಿ ಹಾಕಬಹುದು. ಎರಡು ಪೌರತ್ವ ಇಟ್ಟುಕೊಳ್ಳೋಕೆ ಅಡ್ಡಿಯಿಲ್ಲ.

ಇದರಲ್ಲಿ 'ಸ್ಕಾಟ್ ಜನಾಂಗ' ಅನ್ನೋ ಮಾತೇ ಇಲ್ಲ ಅನ್ನೋದನ್ನು ಗಮನಿಸಿ. 2011ರ ಜನಗಣತಿಯ ಪ್ರಕಾರ ಇಂಗ್ಲೆಂಡಿನಲ್ಲಿ ಹುಟ್ಟಿದ ಸುಮಾರು 4.6 ಲಕ್ಷ ಜನ ಸ್ಕಾಟ್ಲೆಂಡಿನಲ್ಲಿದ್ದರು. ಗ್ಲಾಸ್ಗೋದಲ್ಲಿ ಎರಡು ಮೂರು ತಲೆಮಾರಿನಿಂದ ಇರುವ ಪಂಜಾಬಿ ಕುಟುಂಬಗಳಿವೆ. ಬ್ರಿಟಿಷ್ ಪಾಸ್‌ಪೋರ್ಟ್ ಇದ್ದು ಅಲ್ಲೇ ವಾಸವಿದ್ದರೆ ಇವರೆಲ್ಲ ಮೊದಲ ದಿನವೇ ಒಳಗೆ. ರಕ್ತ ಅಲ್ಲ, ವಿಳಾಸ ಮುಖ್ಯ. ರಾಷ್ಟ್ರೀಯವಾದಿ ಪಕ್ಷವೊಂದು ಹೀಗೆ ಬರೆದದ್ದು ಸಣ್ಣ ವಿಷಯ ಅಲ್ಲ. 2023ರ ಜುಲೈನಲ್ಲಿ ಅದೇ ಸರ್ಕಾರ ಪೌರತ್ವದ ಬಗ್ಗೆ ಮತ್ತೊಂದು ಪತ್ರ ಹೊರಡಿಸಿದಾಗಲೂ ಈ ದಾರಿ ಬಿಡಲಿಲ್ಲ.

ಆದರೆ ಇದು ಅರ್ಧ ಮಾತ್ರ. ಸ್ಕಾಟ್ಲೆಂಡ್ ತನ್ನ ಪೌರತ್ವ ಕೊಡಬಹುದು, ಬ್ರಿಟಿಷ್ ಪೌರತ್ವ ಉಳಿಯುತ್ತೆ ಅಂತ ಅದು ಮಾತು ಕೊಡೋಕೆ ಆಗಲ್ಲ. 2014ರಲ್ಲಿ ಲಂಡನ್ ಹೇಳಿದ್ದೂ ಇದನ್ನೇ, ಅದನ್ನು ಉಳಿದ ಬ್ರಿಟನ್ನಿನ ಸರ್ಕಾರ ಆಮೇಲೆ ನೋಡಿಕೊಳ್ಳುತ್ತೆ ಅಂತ. ಮತದಾರ ತನ್ನ ಕೈಯಲ್ಲಿರುವ ಪಾಸ್‌ಪೋರ್ಟಿನ ಗತಿ ಏನು ಅಂತ ಗೊತ್ತಿಲ್ಲದೇ ಬೂತ್‌ಗೆ ಹೋದ.

ವಾಸ್ತವವಾಗಿ ಲಂಡನ್ ಎಲ್ಲರ ಪೌರತ್ವ ಕಿತ್ತುಕೊಳ್ಳುತ್ತಿತ್ತು ಅಂತ ನನಗನಿಸಲ್ಲ. ಐರ್ಲೆಂಡಿನ ಕಥೆ ಇದೆಯಲ್ಲ. 1922ರಲ್ಲಿ ಹೊರಬಿದ್ದ ಐರಿಷ್ ಫ್ರೀ ಸ್ಟೇಟ್ 1949ರಲ್ಲಿ ಗಣರಾಜ್ಯವಾಗಿ ಕಾಮನ್‌ವೆಲ್ತನ್ನೂ ಬಿಟ್ಟಿತು. ಆದರೂ ಅದೇ ವರ್ಷ ಬ್ರಿಟನ್ ಒಂದು ಕಾಯ್ದೆ ಮಾಡಿ, ಐರ್ಲೆಂಡ್ ವಿದೇಶವಲ್ಲ ಅಂತ ಬರೆದುಕೊಂಡಿತು. ಇವತ್ತಿಗೂ ಡಬ್ಲಿನ್‌ನವರು ಲಂಡನ್‌ಗೆ ಹೋಗಿ ವೀಸಾ ಇಲ್ಲದೇ ಕೆಲಸ ಮಾಡಬಹುದು, ಅಲ್ಲಿನ ಸಂಸತ್ ಚುನಾವಣೆಯಲ್ಲಿ ಮತವನ್ನೂ ಹಾಕಬಹುದು. ಗುಂಡು ಹಾರಿಸಿಕೊಂಡು ಬೇರೆಯಾದವರ ನಡುವೆಯೇ ಇಷ್ಟು ಸಾಧ್ಯವಾಗಿದೆ.

ಎಲ್ಲ ಕಡೆ ಹೀಗಾಗಲ್ಲ. ಪಟ್ಟಿ ಬರೆಯುವ ಕೈ ಸ್ವಲ್ಪ ಬಿಗಿಯಾದರೆ ಏನಾಗುತ್ತೆ ಅಂತ ನೋಡೋಕೆ 1990ರ ದಶಕದ ಯುರೋಪ್ ಸಾಕು. ಲಿಥುವೇನಿಯಾ ತನ್ನ ನೆಲದಲ್ಲಿ ಕಾಯಂ ಇದ್ದವರೆಲ್ಲರಿಗೂ, ರಷ್ಯನ್ನರೂ ಸೇರಿದಂತೆ, ಬೇಕಾದರೆ ಪೌರತ್ವ ತಗೊಳ್ಳಿ ಅಂದಿತು. ಪಕ್ಕದ ಲಾಟ್ವಿಯಾ ಹಾಗೆ ಮಾಡಲಿಲ್ಲ. 1940ರ ಜೂನ್ 17ರಂದು, ಅಂದರೆ ಸೋವಿಯತ್ ಸೇನೆ ಒಳನುಗ್ಗಿದ ದಿನ, ಯಾರು ಪ್ರಜೆಗಳಾಗಿದ್ದರೋ ಅವರು ಮತ್ತು ಅವರ ವಂಶಸ್ಥರು ಮಾತ್ರ ಪ್ರಜೆಗಳು ಅಂತ ಹೇಳಿತು. ಅದಾದ ಮೇಲೆ ಬಂದು ನೆಲೆಸಿದವರು, ಅಲ್ಲೇ ಹುಟ್ಟಿದ ಅವರ ಮಕ್ಕಳು, ಸುಮಾರು 7 ಲಕ್ಷ ಮಂದಿ, ದೇಶದ ಜನಸಂಖ್ಯೆಯ ಕಾಲು ಭಾಗಕ್ಕಿಂತ ಹೆಚ್ಚು, 'ಪ್ರಜೆಯಲ್ಲದವರು' ಅನ್ನೋ ವಿಶೇಷ ವರ್ಗಕ್ಕೆ ಸೇರಿದರು. ಅವರಿಗೆ ಪಾಸ್‌ಪೋರ್ಟ್ ಇದೆ, ಅದರ ಮೇಲೆ ಪ್ರಜೆಯಲ್ಲ ಅಂತ ಬರೆದಿದೆ. ಊರಿನ ಮುನ್ಸಿಪಾಲಿಟಿಗೂ ವೋಟಿಲ್ಲ. ಆಕ್ರಮಣವನ್ನು ಕಾನೂನು ಒಪ್ಪಬಾರದು ಅನ್ನೋ ಲಾಟ್ವಿಯಾದ ವಾದ ನನಗೆ ಅರ್ಥವಾಗುತ್ತೆ. ಆದರೆ ಆಕ್ರಮಣ ಮಾಡಿದ್ದು ಮಾಸ್ಕೋ, ಬೆಲೆ ಕಟ್ಟಿದ್ದು ರೀಗಾದ ಫ್ಯಾಕ್ಟರಿ ಕೆಲಸಗಾರ.

ಸ್ಲೊವೇನಿಯಾದ ಪ್ರಕರಣ ಇನ್ನೂ ಸದ್ದಿಲ್ಲದ್ದು. 1991ರ ಜೂನ್ 25ರಂದು ಅದು ಯುಗೊಸ್ಲಾವಿಯಾದಿಂದ ಹೊರಬಂತು. ಬೇರೆ ಯುಗೊಸ್ಲಾವ್ ಗಣರಾಜ್ಯಗಳ ಮೂಲದ, ಆದರೆ ಸ್ಲೊವೇನಿಯಾದಲ್ಲೇ ಕಾಯಂ ನೆಲೆಸಿದ್ದ ಜನರಿಗೆ ಆರು ತಿಂಗಳು ಟೈಮ್ ಕೊಟ್ಟು, ಪೌರತ್ವಕ್ಕೆ ಅರ್ಜಿ ಹಾಕಿ ಅಂದಿತು. ಬಹಳ ಜನ ಹಾಕಿದರು, ಸಿಕ್ಕಿತು. ಹಾಕದೇ ಇದ್ದವರು, ಹಾಕಿ ತಿರಸ್ಕೃತರಾದವರು ಉಳಿದರು. 1992ರ ಫೆಬ್ರವರಿ 26ರಂದು ಇವರ ಹೆಸರುಗಳನ್ನು ಕಾಯಂ ನಿವಾಸಿಗಳ ದಾಖಲೆಯಿಂದ ತೆಗೆದುಹಾಕಲಾಯಿತು. ಒಟ್ಟು 25,671 ಜನ. ಯಾರಿಗೂ ನೋಟಿಸ್ ಹೋಗಲಿಲ್ಲ. ಡ್ರೈವಿಂಗ್ ಲೈಸೆನ್ಸ್ ರಿನ್ಯೂ ಮಾಡಿಸೋಕೆ ಹೋದವರಿಗೆ, ಆಸ್ಪತ್ರೆಗೆ ಹೋದವರಿಗೆ, ನೀವು ದಾಖಲೆಯಲ್ಲೇ ಇಲ್ಲ ಅಂತ ಗೊತ್ತಾಯಿತು. ಅವರನ್ನು ಅಲ್ಲಿ 'ಅಳಿಸಲ್ಪಟ್ಟವರು' ಅಂತಲೇ ಕರೆಯುತ್ತಾರೆ. ದೇಶದ ಸಾಂವಿಧಾನಿಕ ನ್ಯಾಯಾಲಯ ಇದು ತಪ್ಪು ಅಂತ 1999ರಲ್ಲೂ 2003ರಲ್ಲೂ ಹೇಳಿತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2012ರಲ್ಲಿ ಹೇಳಿತು. 2013ರಲ್ಲಿ ಪರಿಹಾರದ ಕಾಯ್ದೆ ಬಂತು, ಅಳಿಸಿದ್ದ ಪ್ರತಿ ತಿಂಗಳಿಗೆ 50 ಯೂರೊ. ಇಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಡೇಟಾಬೇಸ್‌ನಲ್ಲಿ ಒಂದು ಸಾಲು ಅಳಿಸೋಕೆ ಒಂದು ಕ್ಷಣ ಸಾಕು. ಅದನ್ನು ವಾಪಸ್ ಹಾಕಿಸಿಕೊಳ್ಳೋಕೆ ಇವರಿಗೆ ಇಪ್ಪತ್ತು ವರ್ಷ ಹಿಡಿಯಿತು.

ಚೆಕೊಸ್ಲೊವಾಕಿಯಾ ಶಾಂತಿಯಿಂದ ಒಡೆದ ದೇಶ ಅಂತ ಎಲ್ಲರೂ ಉದಾಹರಣೆ ಕೊಡುತ್ತಾರೆ. ನಿಜ, 1993ರ ಜನವರಿ 1ರಂದು ಒಂದು ಗುಂಡೂ ಹಾರದೇ ಎರಡು ದೇಶವಾಯಿತು. (ಜನಮತಗಣನೆಯೂ ಇಲ್ಲದೇ ಆಯಿತು ಅನ್ನೋದನ್ನು ಯಾರೂ ಹೇಳಲ್ಲ.) ಆದರೆ ಒಳಗೊಂದು ತೊಡಕಿತ್ತು. 1969ರಿಂದ ಪ್ರತಿಯೊಬ್ಬನಿಗೂ ಒಕ್ಕೂಟದ ಪೌರತ್ವದ ಜೊತೆಗೆ ಚೆಕ್ ಅಥವಾ ಸ್ಲೊವಾಕ್ ಅನ್ನೋ ಒಳ ಪೌರತ್ವವೊಂದು ಕಾಗದದಲ್ಲಿತ್ತು. ದಿನನಿತ್ಯ ಅದರಿಂದ ಏನೂ ಆಗುತ್ತಿರಲಿಲ್ಲ, ಎಷ್ಟೋ ಜನರಿಗೆ ತಮ್ಮದು ಯಾವುದು ಅಂತಲೇ ಗೊತ್ತಿರಲಿಲ್ಲ. ದೇಶ ಒಡೆದ ದಿನ ಅದೇ ಎಲ್ಲವನ್ನೂ ನಿರ್ಧರಿಸಿತು. ಎರಡನೇ ಮಹಾಯುದ್ಧದ ನಂತರ ಸ್ಲೊವಾಕಿಯಾದಿಂದ ಚೆಕ್ ಕಡೆಗೆ ಕೆಲಸಕ್ಕೆ ಬಂದಿದ್ದ ರೋಮಾ ಜನರು ಕಾಗದದ ಮೇಲೆ ಸ್ಲೊವಾಕರಾಗಿದ್ದರು. ಚೆಕ್ ಪೌರತ್ವ ಬೇಕಾದರೆ ಐದು ವರ್ಷ ಯಾವ ಅಪರಾಧ ದಾಖಲೆಯೂ ಇರಬಾರದು ಅನ್ನೋ ಷರತ್ತು ಬಂತು. ಕಾನೂನಿನಲ್ಲಿ ರೋಮಾ ಅನ್ನೋ ಪದವೇ ಇರಲಿಲ್ಲ. ಏಟು ಬಿದ್ದದ್ದು ಮಾತ್ರ ಅವರಿಗೆ.

ನಮ್ಮ ಉಪಖಂಡದ ಉದಾಹರಣೆ ಬೇಕೆಂದರೆ ಢಾಕಾದ ಮೊಹಮ್ಮದ್‌ಪುರದ ಕ್ಯಾಂಪ್ ಇದೆ. 1971ರಲ್ಲಿ ಬಾಂಗ್ಲಾದೇಶ ಹುಟ್ಟಿದಾಗ ಅಲ್ಲಿದ್ದ ಉರ್ದು ಭಾಷಿಕ ಬಿಹಾರಿಗಳು ಬಾಂಗ್ಲಾಕ್ಕೂ ಬೇಡವಾದರು, ಪಾಕಿಸ್ತಾನಕ್ಕೂ ಬೇಡವಾದರು. ಯುದ್ಧದ ಹೊತ್ತಿಗೆ ಮಕ್ಕಳಾಗಿದ್ದವರು ಮತ್ತು ಆಮೇಲೆ ಹುಟ್ಟಿದವರು ಬಾಂಗ್ಲಾ ಪ್ರಜೆಗಳೇ ಅಂತ ಢಾಕಾದ ಹೈಕೋರ್ಟ್ ಹೇಳಿದ್ದು 2008ರಲ್ಲಿ. ಹಾಗೆಯೇ 2011ರಲ್ಲಿ ದಕ್ಷಿಣ ಸುಡಾನ್ ಬೇರೆಯಾದಾಗ ಸುಡಾನ್ ತನ್ನ ಕಾನೂನು ತಿದ್ದಿ, ದಕ್ಷಿಣದ ಪೌರತ್ವಕ್ಕೆ ಅರ್ಹರಾದವರು ತನ್ನ ಪೌರತ್ವ ಕಳೆದುಕೊಳ್ಳುತ್ತಾರೆ ಅಂದಿತು. ಖಾರ್ತೂಮ್‌ನಲ್ಲೇ ಹುಟ್ಟಿ, ದಕ್ಷಿಣವನ್ನು ಕಣ್ಣಲ್ಲೂ ನೋಡದವರು ಒಂದೇ ಏಟಿಗೆ ವಿದೇಶಿಯರಾದರು.

ಇವಿಷ್ಟೂ ನೋಡಿದ ಮೇಲೆ ನನ್ನ ಅಭಿಪ್ರಾಯ ಇದು. ಹೊಸ ದೇಶದ ಪೌರತ್ವ ಕಾನೂನು ಓದುವಾಗ ಯಾರಿಗೆ ತಾನಾಗಿ ಸಿಗುತ್ತೆ ಅನ್ನೋ ಸಾಲಿಗಿಂತ ಯಾರು ಅರ್ಜಿ ಹಾಕಬೇಕು, ಎಷ್ಟು ದಿನದೊಳಗೆ, ಯಾವ ದಾಖಲೆ ತರಬೇಕು ಅನ್ನೋ ಸಾಲನ್ನು ಮೊದಲು ಓದಬೇಕು. ಸಮಸ್ಯೆ ಯಾವಾಗಲೂ ಆ ಸಾಲಿನಲ್ಲಿ ಇರುತ್ತೆ. ದಾಖಲೆ ತರಿಸುವ ರಾಜಕಾರಣದ ಬಗ್ಗೆ ಈ ದೇಶದ ಓದುಗರಿಗೆ ನಾನು ಹೆಚ್ಚು ಹೇಳಬೇಕಿಲ್ಲ.

ಗೆರೆ ಹಳೆಯದೇ, ಗೇಟು ಹೊಸದು

ಗಡಿಯ ವಿಷಯದಲ್ಲಿ ಅಂತಾರಾಷ್ಟ್ರೀಯ ಕಾನೂನು ಒಂದು ಸೋಮಾರಿ, ಆದರೆ ಬುದ್ಧಿವಂತ ನಿಯಮ ಇಟ್ಟುಕೊಂಡಿದೆ. ಬೇರೆಯಾಗುವ ಮುಂಚೆ ಆಡಳಿತದ ಗಡಿ ಎಲ್ಲಿತ್ತೋ ಅದೇ ದೇಶದ ಗಡಿ. ದಕ್ಷಿಣ ಅಮೆರಿಕದಲ್ಲಿ ಶುರುವಾದ ಈ ಪದ್ಧತಿಯನ್ನು ಆಫ್ರಿಕಾದ ದೇಶಗಳು 1964ರಲ್ಲಿ ಕೈರೋದಲ್ಲಿ ಒಪ್ಪಿಕೊಂಡವು. 1990ರ ದಶಕದ ಆರಂಭದಲ್ಲಿ ಯುಗೊಸ್ಲಾವಿಯಾಕ್ಕೂ ಅದನ್ನೇ ಅನ್ವಯಿಸಿದರು. ನ್ಯಾಯವಾದ ಗೆರೆ ಅಂತಲ್ಲ, ಗೆರೆ ಅಳಿಸಿ ಹೊಸದು ಎಳೆಯೋಕೆ ಹೋದರೆ ರಕ್ತ ಹರಿಯುತ್ತೆ ಅನ್ನೋ ಭಯಕ್ಕೆ. ಗೆರೆ ಗೊಂದಲದಲ್ಲೇ ಉಳಿದರೆ ಏನಾಗುತ್ತೆ ಅನ್ನೋದಕ್ಕೆ ಎರಡು ಸುಡಾನ್‌ಗಳ ನಡುವಿನ ಅಬಿಯೇ ಇದೆ. ನಮ್ಮದೇ ಕೂಚ್‌ಬಿಹಾರ್ ಇದೆ. ಅಲ್ಲಿ ಬಾಂಗ್ಲಾದೊಳಗೆ ಭಾರತದ 111 ತುಂಡು, ಭಾರತದೊಳಗೆ ಬಾಂಗ್ಲಾದ 51 ತುಂಡು ನೆಲ ಸಿಕ್ಕಿಹಾಕಿಕೊಂಡಿತ್ತು. 1947ರ ಆ ಗಂಟು ಬಿಚ್ಚಿದ್ದು 2015ರ ಜುಲೈ 31ರ ಮಧ್ಯರಾತ್ರಿ, ಸಂವಿಧಾನದ 100ನೇ ತಿದ್ದುಪಡಿಯ ಮೂಲಕ. ಅಲ್ಲಿಯವರೆಗೆ ಅಲ್ಲಿನ ಐವತ್ತು ಸಾವಿರಕ್ಕೂ ಹೆಚ್ಚು ಜನ ಹೆಸರಿಗೆ ಒಂದು ದೇಶದವರು, ಬದುಕಿದ್ದು ಇನ್ನೊಂದು ದೇಶದ ಮಧ್ಯೆ.

ಸ್ಕಾಟ್ಲೆಂಡಿಗೆ ನೆಲದ ಗೆರೆಯ ತಕರಾರಿಲ್ಲ. 1237ರ ಯಾರ್ಕ್ ಒಪ್ಪಂದದಿಂದ ಇಂಗ್ಲೆಂಡ್ ಜೊತೆಗಿನ ಸುಮಾರು 154 ಕಿ.ಮೀ. ಗಡಿ ಹೆಚ್ಚುಕಡಿಮೆ ಅಲ್ಲೇ ಇದೆ. ಬೆರ್ವಿಕ್ ಪಟ್ಟಣ ಮಾತ್ರ ಮಧ್ಯಯುಗದಲ್ಲಿ ಹತ್ತಾರು ಸಲ ಕೈ ಬದಲಾಯಿಸಿ ಕೊನೆಗೆ ಇಂಗ್ಲೆಂಡಿನಲ್ಲಿ ಉಳಿಯಿತು. ಸಮುದ್ರದ ಗೆರೆ ಬೇರೆ ಮಾತು. ಉತ್ತರ ಸಮುದ್ರದ ತೈಲ ಮತ್ತು ಮೀನು ಯಾರದ್ದು ಅನ್ನೋದು ಅದರ ಮೇಲಿದೆ, ಆ ಚೌಕಾಶಿ ವರ್ಷಗಟ್ಟಲೆ ನಡೆದರೂ ಆಶ್ಚರ್ಯ ಇಲ್ಲ.

ಅಸಲಿ ಪ್ರಶ್ನೆ, ಆ ಗೆರೆಯ ಮೇಲೆ ಗೇಟು ಬರುತ್ತಾ? ಇದರಲ್ಲಿ ಜನ ಮತ್ತು ಸರಕು ಎರಡನ್ನೂ ಬೇರೆ ಬೇರೆ ಇಟ್ಟು ನೋಡಬೇಕು.

ಜನರ ಓಡಾಟ ಸುಲಭದ ಭಾಗ. ಬ್ರಿಟನ್, ಐರ್ಲೆಂಡ್, ಐಲ್ ಆಫ್ ಮ್ಯಾನ್, ಚಾನೆಲ್ ದ್ವೀಪಗಳ ನಡುವೆ 'ಕಾಮನ್ ಟ್ರಾವೆಲ್ ಏರಿಯಾ' ಅಂತ ಒಂದು ಏರ್ಪಾಡು 1920ರ ದಶಕದಿಂದ ನಡೆದುಬಂದಿದೆ. ಸ್ವತಂತ್ರ ಸ್ಕಾಟ್ಲೆಂಡ್ ಅದರೊಳಗೆ ಉಳಿದರೆ ಎಡಿನ್‌ಬರೋ ರೈಲು ಈಗಿನಂತೆಯೇ ಲಂಡನ್‌ಗೆ ಹೋಗುತ್ತೆ. ತೊಡಕು ಬರೋದು ಯುರೋಪಿಯನ್ ಒಕ್ಕೂಟ ಸೇರುತ್ತೇವೆ ಅಂದಾಗ. ಹೊಸದಾಗಿ ಸೇರುವ ದೇಶಗಳು ಷೆಂಗೆನ್ ನಿಯಮಗಳನ್ನೂ ಒಪ್ಪಿಕೊಳ್ಳಬೇಕು ಅನ್ನೋದು ಷರತ್ತು. ಐರ್ಲೆಂಡಿಗೆ ವಿನಾಯಿತಿ ಇದೆ, ಸ್ಕಾಟ್ಲೆಂಡಿಗೂ ಹಾಗೆಯೇ ಕೊಡಿ ಅಂತ ಕೇಳಬೇಕಾಗುತ್ತೆ. ಸಿಗುವ ಸಾಧ್ಯತೆ ಇದೆ ಅಂತಲೇ ನನ್ನ ಎಣಿಕೆ. ಈ ಭೂಗೋಳದಲ್ಲಿ ಬೇರೆ ದಾರಿ ಯಾರಿಗೂ ಬೇಕಿಲ್ಲ.

ಸರಕಿನದ್ದು ಹಾಗಲ್ಲ. 2014ರಲ್ಲಿ ಎರಡೂ ಕಡೆಯವರು ಒಕ್ಕೂಟದೊಳಗೇ ಇರುತ್ತಾರೆ ಅನ್ನೋ ಲೆಕ್ಕದಲ್ಲಿ ಕಸ್ಟಮ್ಸ್ ಪ್ರಶ್ನೆಯೇ ಏಳಲಿಲ್ಲ. 2016ರ ಜೂನ್‌ನಲ್ಲಿ ಬ್ರಿಟನ್ ಶೇ. 52ರ ಬಹುಮತದಿಂದ ಹೊರಹೋಗೋಣ ಅಂದಿತು, ಸ್ಕಾಟ್ಲೆಂಡ್ ಶೇ. 62ರಷ್ಟು ಉಳಿಯೋಣ ಅಂದಿತು. 2020ರ ಜನವರಿ 31ಕ್ಕೆ ಎಲ್ಲರೂ ಹೊರಗೆ. ನಮ್ಮ ಇಷ್ಟಕ್ಕೆ ವಿರುದ್ಧವಾಗಿ ಎಳೆದುಕೊಂಡು ಹೋದರು ಅನ್ನೋ ಸ್ಕಾಟರ ಸಿಟ್ಟಿಗೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಆದರೆ ಅದೇ ಬ್ರೆಕ್ಸಿಟ್ ಸ್ವಾತಂತ್ರ್ಯದ ದಾರಿಗೆ ಕಲ್ಲನ್ನೂ ಹಾಕಿತು. ಈಗ ಸ್ಕಾಟ್ಲೆಂಡ್ ಒಕ್ಕೂಟದ ಒಳಗೆ, ಇಂಗ್ಲೆಂಡ್ ಹೊರಗೆ ಅಂತಾದರೆ, ಗ್ರೆಟ್ನಾ ಬಳಿ ಹೆದ್ದಾರಿ ದಾಟುವ ಪ್ರತಿ ಲಾರಿಯೂ ಒಂದು ಸುಂಕ ವ್ಯವಸ್ಥೆಯಿಂದ ಇನ್ನೊಂದಕ್ಕೆ ಹೋದಂತೆ. ಸ್ಕಾಟ್ಲೆಂಡ್ ಹೊರಗೆ ಮಾರುವುದರಲ್ಲಿ ಸುಮಾರು ಶೇ. 60ರಷ್ಟು ಹೋಗೋದು ಬ್ರಿಟನ್ನಿನ ಉಳಿದ ಭಾಗಕ್ಕೇ.

ಐರ್ಲೆಂಡಿನಲ್ಲಿ ಇದು ನಡೆದೇ ಹೋಗಿದೆ. 1923ರ ಏಪ್ರಿಲ್ 1ರಂದು ಆ ದ್ವೀಪದ ಮಧ್ಯೆ ಸುಂಕದ ಕಟ್ಟೆಗಳು ಬಂದವು. ಅವು ಹೋದದ್ದು 1993ರಲ್ಲಿ, ಯುರೋಪಿನ ಏಕ ಮಾರುಕಟ್ಟೆ ಬಂದ ಮೇಲೆ. ಬ್ರೆಕ್ಸಿಟ್ ನಂತರ ಮತ್ತೆ ಅಲ್ಲಿ ಗೇಟು ಬರಬಾರದು ಅಂತ ತಪಾಸಣೆಯನ್ನು ಸಮುದ್ರಕ್ಕೆ ತಳ್ಳಿದರು, ಅಂದರೆ ಬ್ರಿಟನ್ನಿನ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಹೋಗುವ ಸರಕಿಗೇ ಕಾಗದಪತ್ರ. ವರ್ಷಗಟ್ಟಲೆ ಕಿತ್ತಾಡಿ 2023ರಲ್ಲಿ ವಿಂಡ್ಸರ್ ಒಪ್ಪಂದಕ್ಕೆ ಬಂದರು. ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ನಡುವೆ ತಳ್ಳೋಕೆ ಸಮುದ್ರವೂ ಇಲ್ಲ. ಕ್ಯಾಮೆರಾ, ಮೊದಲೇ ಆನ್‌ಲೈನ್ ಘೋಷಣೆ, ಗಡಿಯಿಂದ ದೂರದಲ್ಲಿ ತಪಾಸಣೆ ಅಂತೆಲ್ಲ ಹೇಳುತ್ತಾರೆ. ತಂತ್ರಜ್ಞಾನ ಸರತಿಯನ್ನು ಚಿಕ್ಕದು ಮಾಡಬಹುದು, ಕುರಿ ಮಾಂಸಕ್ಕೆ ಪಶುವೈದ್ಯರ ಸರ್ಟಿಫಿಕೇಟ್ ಬೇಕು ಅನ್ನೋ ನಿಯಮವನ್ನು ಅಳಿಸಲ್ಲ. ಸ್ವಾತಂತ್ರ್ಯದ ಪರ ಇರುವವರು ಇದನ್ನು ನೇರವಾಗಿ ಒಪ್ಪಿಕೊಂಡು, ಈ ಬೆಲೆ ಕೊಡೋಕೆ ತಯಾರಿದ್ದೇವೆ ಅಂತ ವಾದಿಸಿದರೆ ನನಗೆ ಗೌರವ ಹೆಚ್ಚು. ಏನೂ ಬದಲಾಗಲ್ಲ ಅನ್ನೋ ಮಾತು ನಂಬುವಂಥದ್ದಲ್ಲ.

ಹಳೆಯ ಕುರ್ಚಿ ಯಾರದ್ದು?

ಗಿಟ್‌ಹಬ್ ಬಳಸಿದವರಿಗೆ ಇದು ಬೇಗ ಅರ್ಥವಾಗುತ್ತೆ. ಒಂದು ಪ್ರಾಜೆಕ್ಟನ್ನು ಯಾರೋ ಫೋರ್ಕ್ ಮಾಡಿಕೊಂಡು ಹೋದರು ಅಂದುಕೊಳ್ಳಿ. ಕೋಡ್ ಎರಡೂ ಕಡೆ ಒಂದೇ. ಆದರೆ ಹಳೆಯ ಹೆಸರು, ಹಳೆಯ ವಿಳಾಸ, ಹಳೆಯ ಅಕೌಂಟ್ ಮೂಲದವರ ಹತ್ತಿರವೇ ಉಳಿಯುತ್ತೆ. ಹೋದವರು ಹೊಸದಾಗಿ ಶುರು ಮಾಡಬೇಕು. ದೇಶಗಳಲ್ಲೂ ಒಂದು 'ಮುಂದುವರಿದ ದೇಶ', ಇನ್ನೊಂದು 'ಹೊಸ ದೇಶ'.

ಈ ವಿಷಯದಲ್ಲಿ ಜಗತ್ತಿಗೆ ಮೊದಲ ದೊಡ್ಡ ಪಾಠ ಆಗಿದ್ದು ನಾವೇ. ಬ್ರಿಟಿಷರ ಕೈಕೆಳಗಿದ್ದರೂ ಭಾರತ 1945ರಲ್ಲೇ ವಿಶ್ವಸಂಸ್ಥೆಯ ಸ್ಥಾಪಕ ಸದಸ್ಯ. 1947ರಲ್ಲಿ ದೇಶ ಒಡೆದಾಗ ಆ ಕುರ್ಚಿ ಯಾರದ್ದು? ಮೇಜು, ಕುರ್ಚಿ, ಟೈಪ್‌ರೈಟರ್‌ವರೆಗೆ 82.5 ಮತ್ತು 17.5ರ ಲೆಕ್ಕದಲ್ಲಿ ಹಂಚಿಕೊಂಡವರು ಇದನ್ನು ಹಂಚಿಕೊಳ್ಳೋಕೆ ಆಗಲಿಲ್ಲ. ವಿಶ್ವಸಂಸ್ಥೆಯ ಕಾನೂನು ವಿಭಾಗ ಭಾರತ ಮುಂದುವರಿಯುತ್ತೆ, ಪಾಕಿಸ್ತಾನ ಹೊಸ ಸದಸ್ಯನಾಗಿ ಅರ್ಜಿ ಹಾಕಬೇಕು ಅಂದಿತು. ಸೆಪ್ಟೆಂಬರ್ 30ಕ್ಕೆ ಪಾಕಿಸ್ತಾನ ಸೇರಿತು. ವಿರೋಧವಾಗಿ ಬಿದ್ದ ಒಂದೇ ಮತ ಅಫ್ಘಾನಿಸ್ತಾನದ್ದು, ಕಾರಣ ಗಡಿ.

1991ರಲ್ಲಿ ಸೋವಿಯತ್ ಒಕ್ಕೂಟದ ಕುರ್ಚಿಯಲ್ಲಿ ರಷ್ಯಾ ವೀಟೊ ಸಮೇತ ಹೋಗಿ ಕೂತಿತು. ಚೆಕ್ ಮತ್ತು ಸ್ಲೊವಾಕ್ ಇಬ್ಬರೂ ಹೊಸದಾಗಿ ಅರ್ಜಿ ಹಾಕಿದರು. ಸರ್ಬಿಯಾ ಮತ್ತು ಮಾಂಟೆನೆಗ್ರೊ ಸೇರಿ ಯುಗೊಸ್ಲಾವಿಯಾ ನಾವೇ ಅಂದವು, ವಿಶ್ವಸಂಸ್ಥೆ ಒಪ್ಪಲಿಲ್ಲ, 2000ದ ನವೆಂಬರ್‌ವರೆಗೆ ಹೊರಗಿಟ್ಟಿತು. ನಿಯಮ ಇದೆ ಅಂತ ಕಾಣುತ್ತೆ, ಆದರೆ ಯಾರ ಮೇಲೆ ಸಿಟ್ಟಿದೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ.

ಸ್ಕಾಟ್ಲೆಂಡಿನ ಮಟ್ಟಿಗೆ ಅನುಮಾನ ಕಡಿಮೆ. ಉಳಿದ ಬ್ರಿಟನ್ ಮುಂದುವರಿದ ದೇಶ, ಸ್ಕಾಟ್ಲೆಂಡ್ ಹೊಸದು. ಲಂಡನ್ 2013ರಲ್ಲಿ ಇಬ್ಬರು ಕಾನೂನು ಪಂಡಿತರಾದ ಜೇಮ್ಸ್ ಕ್ರಾಫರ್ಡ್ ಮತ್ತು ಅಲನ್ ಬಾಯ್ಲ್ ಅವರಿಂದ ಬರೆಸಿದ ಅಭಿಪ್ರಾಯವೂ ಇದೇ. ಹೊಸ ದೇಶ ವಿಶ್ವಸಂಸ್ಥೆ ಸೇರಬೇಕಾದರೆ ಭದ್ರತಾ ಮಂಡಳಿಯ ಶಿಫಾರಸು, ಆಮೇಲೆ ಸಾಮಾನ್ಯ ಸಭೆಯಲ್ಲಿ ಮೂರನೇ ಎರಡರಷ್ಟು ಮತ ಬೇಕು. ಭದ್ರತಾ ಮಂಡಳಿಯಲ್ಲಿ ವೀಟೊ ಇರುವ ಐವರಲ್ಲಿ ಬ್ರಿಟನ್ನೂ ಒಂದು. ಅಂದರೆ ಯಾರ ಮನೆ ಬಿಟ್ಟು ಬಂದೆಯೋ ಅವರೇ ಬಾಗಿಲಲ್ಲಿ ನಿಂತಿರುತ್ತಾರೆ. ಜಗಳವಿಲ್ಲದೇ ಬಂದರೆ ಎಷ್ಟು ಸಲೀಸು ಅನ್ನೋದಕ್ಕೆ ದಕ್ಷಿಣ ಸುಡಾನ್ ಸಾಕ್ಷಿ. 2011ರ ಜುಲೈ 9ಕ್ಕೆ ಸ್ವಾತಂತ್ರ್ಯ, 14ಕ್ಕೆ 193ನೇ ಸದಸ್ಯ. ಜಗಳ ಮಾಡಿಕೊಂಡು ಬಂದರೆ ಏನು ಅನ್ನೋದಕ್ಕೆ ಬಾಂಗ್ಲಾದೇಶ. 1972ರ ಆಗಸ್ಟ್‌ನಲ್ಲಿ ಪಾಕಿಸ್ತಾನದ ಗೆಳೆಯ ಚೀನಾ ವೀಟೊ ಹಾಕಿತು, ಸದಸ್ಯತ್ವ ಸಿಕ್ಕಿದ್ದು 1974ರ ಸೆಪ್ಟೆಂಬರ್‌ನಲ್ಲಿ, ಪಾಕಿಸ್ತಾನ ಮಾನ್ಯತೆ ಕೊಟ್ಟ ಮೇಲೆ.

ಯುರೋಪಿಯನ್ ಒಕ್ಕೂಟದಲ್ಲಿ ಇನ್ನೂ ಕಷ್ಟ, ಅಲ್ಲಿ ಪ್ರತಿಯೊಂದು ಸದಸ್ಯ ದೇಶವೂ ಹೂಂ ಅನ್ನಬೇಕು. 2014ರಲ್ಲಿ ಯುರೋಪಿಯನ್ ಆಯೋಗದ ಅಧ್ಯಕ್ಷರಾಗಿದ್ದ ಬರೋಸೊ, ಇದು ಅತ್ಯಂತ ಕಷ್ಟ, ಅಸಾಧ್ಯವೇ ಆದರೂ ಆಗಬಹುದು ಅನ್ನುವ ಅರ್ಥದಲ್ಲಿ ಮಾತಾಡಿದ್ದರು. ಒಕ್ಕೂಟದಲ್ಲಿ ಉಳಿಯಬೇಕಾದರೆ ಬ್ರಿಟನ್ ಜೊತೆಗೇ ಇರಿ ಅನ್ನೋದು ಆಗ 'ಬೇಡ' ಪಕ್ಷದ ದೊಡ್ಡ ವಾದ. ಎರಡೇ ವರ್ಷಕ್ಕೆ ಆ ವಾದದ ಗತಿ ಏನಾಯಿತು ಅಂತ ಮೇಲೆ ಓದಿದಿರಿ. ಕ್ಯಾಟಲೋನಿಯಾದ ಭಯಕ್ಕೆ ಸ್ಪೇನ್ ಅಡ್ಡಗಾಲು ಹಾಕುತ್ತೆ ಅಂತ ಈಗಲೂ ಹೇಳುವವರಿದ್ದಾರೆ. ಆದರೆ ಬ್ರಿಟನ್ನಿನ ಕಾನೂನಿನಂತೆಯೇ ಬೇರೆಯಾದರೆ ತಕರಾರಿಲ್ಲ ಅಂತ ಸ್ಪೇನಿನ ವಿದೇಶಾಂಗ ಸಚಿವರು 2018ರಲ್ಲೇ ಹೇಳಿದ್ದಾರೆ. ಸಮಯ ಎಷ್ಟು ಹಿಡಿಯುತ್ತೆ? ಫಿನ್ಲೆಂಡಿಗೆ ಅರ್ಜಿಯಿಂದ ಪ್ರವೇಶಕ್ಕೆ ಮೂರು ವರ್ಷವೂ ಬೇಕಾಗಲಿಲ್ಲ, ಕ್ರೊಯೇಷಿಯಾಕ್ಕೆ ಹತ್ತು ವರ್ಷ. ಸ್ಕಾಟ್ಲೆಂಡಿನ ಕಾನೂನುಗಳು ನಾಲ್ಕು ದಶಕ ಒಕ್ಕೂಟದೊಳಗೇ ಬೆಳೆದವು, ಫಿನ್ಲೆಂಡಿನ ಕಡೆಗೇ ಹತ್ತಿರ ಇರುತ್ತೆ ಅನ್ನೋದು ನನ್ನ ಅಂದಾಜು. ನಡುವಿನ ಆ ವರ್ಷಗಳಲ್ಲಿ ಎರಡು ಮಾರುಕಟ್ಟೆಗಳ ಮಧ್ಯೆ ನಿಲ್ಲಬೇಕಾಗುತ್ತೆ.

ನೇಟೊದಲ್ಲೂ ಎಲ್ಲರ ಒಪ್ಪಿಗೆ ಬೇಕು. ಸ್ವೀಡನ್ 2022ರ ಮೇನಲ್ಲಿ ಅರ್ಜಿ ಹಾಕಿ, ಟರ್ಕಿ ಮತ್ತು ಹಂಗರಿಯ ಮರ್ಜಿ ಕಾದು, 2024ರ ಮಾರ್ಚ್‌ನಲ್ಲಿ ಸೇರಿತು. ಸ್ಕಾಟ್ಲೆಂಡಿನ ಕೈಯಲ್ಲಿ ಒಂದು ವಿಚಿತ್ರ ತುರುಪು ಇದೆ. ಬ್ರಿಟನ್ನಿನ ಅಣ್ವಸ್ತ್ರ ಜಲಾಂತರ್ಗಾಮಿಗಳೆಲ್ಲ ಗ್ಲಾಸ್ಗೋ ಪಕ್ಕದ ಫಾಸ್ಲೇನ್ ನೆಲೆಯಲ್ಲಿವೆ. ಸ್ಕಾಟಿಷ್ ನ್ಯಾಷನಲ್ ಪಾರ್ಟಿ ಅವನ್ನು ಹೊರಗೆ ಕಳಿಸುತ್ತೇವೆ ಅನ್ನುತ್ತೆ, 2012ರಿಂದ ನೇಟೊ ಸೇರುತ್ತೇವೆ ಅಂತಲೂ ಅನ್ನುತ್ತೆ. ಎರಡನ್ನೂ ಒಂದೇ ಉಸಿರಲ್ಲಿ ಸಾಧಿಸೋದು ಹೇಗೆ ಅಂತ ನನಗಂತೂ ಹೊಳೆದಿಲ್ಲ. ಕಾಮನ್‌ವೆಲ್ತ್‌ನಲ್ಲಿ ಸಮಸ್ಯೆ ಬರಲ್ಲ, ಗಣರಾಜ್ಯವಾದರೂ ಒಳಗಿರಬಹುದು ಅನ್ನೋ ಬಾಗಿಲನ್ನು ಭಾರತವೇ 1949ರ ಲಂಡನ್ ಘೋಷಣೆಯಲ್ಲಿ ತೆರೆಸಿಟ್ಟಿದೆ. ಫಿಫಾದಲ್ಲಿ ಸ್ಕಾಟ್ಲೆಂಡ್ ಈಗಲೇ ಪ್ರತ್ಯೇಕ ಸದಸ್ಯ. ಕ್ರಿಕೆಟ್‌ನಲ್ಲೂ ಬೇರೆ ತಂಡ, 2018ರಲ್ಲಿ ಎಡಿನ್‌ಬರೋದಲ್ಲಿ ಇಂಗ್ಲೆಂಡನ್ನೇ ಆರು ರನ್‌ಗಳಿಂದ ಸೋಲಿಸಿದ್ದಾರೆ.

ಹೋಗುವ ದಾರಿ

ಮೇಲಿನದ್ದೆಲ್ಲ ಹೇಗೆ ಬೇರೆಯಾದಿರಿ ಅನ್ನೋದರ ಮೇಲೆ ನಿಂತಿದೆ. ಮಾಂಟೆನೆಗ್ರೊ 2006ರಲ್ಲಿ ಸರ್ಬಿಯಾ ಒಪ್ಪಿದ ನಿಯಮದಂತೆ ಮತ ಹಾಕಿತು. ಶೇ. 55 ದಾಟಬೇಕಿತ್ತು, ಶೇ. 55.5 ಬಂತು. ಮೇ 21ಕ್ಕೆ ಮತದಾನ, ಜೂನ್ 3ಕ್ಕೆ ಸ್ವಾತಂತ್ರ್ಯ, ಜೂನ್ 28ಕ್ಕೆ ವಿಶ್ವಸಂಸ್ಥೆ. ಕ್ಯಾಟಲೋನಿಯಾ 2017ರ ಅಕ್ಟೋಬರ್ 1ರಂದು ಮ್ಯಾಡ್ರಿಡ್ ಒಪ್ಪಿಗೆಯಿಲ್ಲದೇ ಮತ ಹಾಕಿತು, ಒಂದೇ ಒಂದು ದೇಶವೂ ಮಾನ್ಯತೆ ಕೊಡಲಿಲ್ಲ, ನಾಯಕರು ಜೈಲಿಗೆ ಅಥವಾ ದೇಶದಾಚೆಗೆ ಹೋದರು. ಕೆನಡಾದ ಸುಪ್ರೀಂ ಕೋರ್ಟ್ 1998ರಲ್ಲಿ ಕ್ವಿಬೆಕ್ ಬಗ್ಗೆ ಮಧ್ಯದ ದಾರಿ ಹೇಳಿತು. ಏಕಪಕ್ಷೀಯವಾಗಿ ಹೋಗುವ ಹಕ್ಕಿಲ್ಲ, ಆದರೆ ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದರೆ ಉಳಿದವರು ಕೂತು ಮಾತಾಡಲೇಬೇಕು ಅಂತ. ನನಗೆ ತೂಕವಿರುವ ಮಾತು ಅನಿಸೋದು ಇದೇ.

ಸ್ಕಾಟ್ಲೆಂಡಿಗೆ ಆ ಅದೃಷ್ಟ ಸದ್ಯಕ್ಕಿಲ್ಲ. 2014ರ ಮತದಾನ ನಡೆದದ್ದು 2012ರ ಎಡಿನ್‌ಬರೋ ಒಪ್ಪಂದದಲ್ಲಿ ಲಂಡನ್ ಒಪ್ಪಿಕೊಂಡಿದ್ದಕ್ಕೆ. ಎರಡನೇ ಸಲ ಕೇಳಿದಾಗ ಲಂಡನ್ ಒಪ್ಪಲಿಲ್ಲ. 2022ರ ನವೆಂಬರ್ 23ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್, ಸ್ಕಾಟಿಷ್ ಸಂಸತ್ತಿಗೆ ತಾನೇ ಜನಮತಗಣನೆ ನಡೆಸುವ ಅಧಿಕಾರ ಇಲ್ಲ ಅಂತ ಒಮ್ಮತದಿಂದ ಹೇಳಿತು. ಹಾಗಾದರೆ ಯಾವ ಸ್ಥಿತಿಯಲ್ಲಿ ಕೇಳಬಹುದು ಅನ್ನೋದಕ್ಕೆ ಲಂಡನ್ ಇವತ್ತಿನವರೆಗೆ ಉತ್ತರ ಕೊಟ್ಟಿಲ್ಲ. ಹೋಗುವ ಹಕ್ಕು ಕಾಗದದಲ್ಲಿದೆ, ಅದನ್ನು ಚಲಾಯಿಸುವ ಬಾಗಿಲು ಎಲ್ಲಿದೆ ಅಂತ ಯಾರೂ ತೋರಿಸುತ್ತಿಲ್ಲ. ಪ್ರಜಾಪ್ರಭುತ್ವ ಅಂತ ಕರೆದುಕೊಳ್ಳುವ ಒಕ್ಕೂಟಕ್ಕೆ ಇದು ಶೋಭೆಯಲ್ಲ.

ಒಪ್ಪಿಗೆ ಇಲ್ಲದೇ ಹೋದವರ ಪೈಕಿ ಎಲ್ಲರಿಗಿಂತ ದೂರ ಬಂದಿರೋದು ಕೊಸೊವೊ. 2008ರ ಫೆಬ್ರವರಿ 17ಕ್ಕೆ ಘೋಷಣೆ ಹೊರಡಿಸಿತು. ಆ ಘೋಷಣೆ ಅಂತಾರಾಷ್ಟ್ರೀಯ ಕಾನೂನಿಗೆ ವಿರುದ್ಧವಲ್ಲ ಅಂತ 2010ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ ಸಲಹೆ ಕೊಟ್ಟಿತು. ಐಎಂಎಫ್ ಸದಸ್ಯತ್ವ 2009ರಲ್ಲೇ ಸಿಕ್ಕಿತು, ಅಲ್ಲಿ ರಷ್ಯಾದ ವೀಟೊ ನಡೆಯಲ್ಲ. ಒಲಿಂಪಿಕ್ಸ್ ಸಮಿತಿ, ಫಿಫಾ ಸೇರಿಕೊಂಡವು. ವಿಶ್ವಸಂಸ್ಥೆ ಇನ್ನೂ ಇಲ್ಲ. ಯುರೋಪಿಯನ್ ಒಕ್ಕೂಟದ ಐದು ದೇಶಗಳು ಮಾನ್ಯತೆ ಕೊಟ್ಟಿಲ್ಲ, ಭಾರತವೂ ಕೊಟ್ಟಿಲ್ಲ. ವಿಶ್ವಸಂಸ್ಥೆಯ ಸದಸ್ಯತ್ವ ಇಲ್ಲದಿದ್ದರೆ ದೇಶಗಳ ಕೋಡ್ ಪಟ್ಟಿಯಲ್ಲಿ ಜಾಗ ಸಿಗೋದು ಕಷ್ಟ, ಆ ಕೋಡ್ ಇಲ್ಲದಿದ್ದರೆ ಎಷ್ಟೋ ವೆಬ್‌ಸೈಟಿನ ಡ್ರಾಪ್‌ಡೌನ್‌ನಲ್ಲಿ ನಿಮ್ಮ ದೇಶವೇ ಇರಲ್ಲ. ಫೋನಿನ ಕಥೆ ಇನ್ನೂ ಚೆನ್ನಾಗಿದೆ. 2016ರ ಡಿಸೆಂಬರ್‌ನಲ್ಲಿ +383 ಅನ್ನೋ ಸ್ವಂತ ಕೋಡ್ ಸಿಗುವವರೆಗೆ ಕೊಸೊವೊದ ಲ್ಯಾಂಡ್‌ಲೈನ್‌ಗಳು ಸರ್ಬಿಯಾದ ಕೋಡ್‌ನಲ್ಲಿದ್ದವು. ಮೊಬೈಲ್‌ಗಳಲ್ಲಿ ಒಂದು ಕಂಪನಿಯದ್ದು ಸ್ಲೊವೇನಿಯಾದ ಕೋಡ್, ಇನ್ನೊಂದರದ್ದು ಮೊನಾಕೊದ ಕೋಡ್. ಸ್ವತಂತ್ರ ದೇಶ ಅಂತ ಘೋಷಿಸಿಕೊಂಡು ಎಂಟು ವರ್ಷ ಆಗಿದ್ದರೂ ಪ್ರಿಶ್ಟಿನಾದಲ್ಲಿರುವ ಅಮ್ಮನಿಗೆ ಫೋನ್ ಮಾಡೋಕೆ ಜರ್ಮನಿಯಲ್ಲಿ ದುಡಿಯುವ ಮಗ ಮೊನಾಕೊದ ನಂಬರ್ ಒತ್ತುತ್ತಿದ್ದ.